ಮುಚ್ಚಳ ಇಲ್ಲದ ಬ್ಯಾರಲ್: ದಕ್ಷಿಣ ಕೊಡಗಿನ ಒಂದು ಪಂಚಾಯ್ತಿಯ ವೇಸ್ಟ್ ಆಯಿಲ್ ಪ್ರಕರಣ

ಗಾಡಿಗಳಿಂದ ಇಳಿಸಿದ ಹಳೇ ಆಯಿಲಿನ ಈ ಪ್ರಕರಣ ನಮ್ಮ ಪಂಚಾಯ್ತಿಲೇ ನಡೆದಿದ್ದು, ಆಗ ನಾನೂ ಒಬ್ಬ ಮೆಂಬರ್, ಹಾಗಾಗಿ ಊರಿನ ಹೆಸರು ಗ್ಯಾರೇಜಿನ ಹೆಸರು ಎರಡೂ ಬರೆಯಲ್ಲ, ಬರೆದ್ರೆ ನಾಳೆ ಸಂತೆಲಿ ಮುಖ ತೋರಿಸೋಕಾಗಲ್ಲ. ಆದ್ರೆ ಪ್ರಕರಣ ಪೂರ್ತಿ ಬರೀತೀನಿ, ಯಾಕಂದ್ರೆ ಕೊಡಗಲ್ಲಿ ಇಂಥ ಜಂಕ್ಷನ್ ಇಲ್ಲದ ಊರಿಲ್ಲ: ಮೇನ್ ರೋಡಿನ ಎರಡೂ ಪಕ್ಕ ಅಂಗಡಿ, ಅದರ ಮಧ್ಯೆ ಎರಡು ಮೂರು ಗ್ಯಾರೇಜು, ಒಂದು ವಾಟರ್ ಸರ್ವಿಸು, ಒಂದು ಬ್ಯಾಟರಿ ಅಂಗಡಿ, ಹಿಂದುಗಡೆ ಇಳಿಜಾರು, ಇಳಿಜಾರಿನ ಕೆಳಗೆ ಗದ್ದೆ, ಗದ್ದೆ ಅಂಚಲ್ಲಿ ತೋಡು. ನಮ್ಮ ತೋಡು ಹೋಗಿ ಲಕ್ಷ್ಮಣತೀರ್ಥ ಸೇರುತ್ತೆ, ಲಕ್ಷ್ಮಣತೀರ್ಥ ಹೋಗಿ ಕೆಆರ್‌ಎಸ್ ಸೇರುತ್ತೆ. ಅಂದ್ರೆ ನಮ್ಮ ಜಂಕ್ಷನ್ನಿನ ಚರಂಡಿ ನೀರು ಕೊನೆಗೆ ಮೈಸೂರು ಮಂಡ್ಯದೋರ ಪಾಲಿಗೆ ಕಾವೇರಿ.

ಜುಲೈ ಕೊನೆ, ನಾಟಿ ಶುರುವಾಗಿದ್ದ ಟೈಮು. ರಸ್ತೆ ಕೆಳಗಿನ ಗದ್ದೆ ನಮ್ಮ ಒಬ್ರು ಮಾವಂದು, ಎಪ್ಪತ್ತು ದಾಟಿದ್ದಾರೆ, ಈಗಲೂ ಕೊಪ್ಪೆ ಹಾಕ್ಕೊಂಡು ಬದು ಮೇಲೆ ಒಂದು ರೌಂಡ್ ಹೊಡೀದೆ ಕಾಫಿ ಕುಡಿಯಲ್ಲ. ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದ್ರು. "ನೀರು ಬಣ್ಣ ಬಣ್ಣ ಕಾಣ್ತದೆ, ಮೇಲಿನ ಎರಡು ಗದ್ದೆ ಮಡಿಲಿ ಒಂದು ಏಡಿ ಇಲ್ಲ ಈ ವರ್ಷ, ನಿಮ್ಮ ಪಂಚಾಯ್ತಿ ಇದೆಯೋ ಸತ್ತಿದೆಯೋ" ಅಂದ್ರು. ಮಳೆಗಾಲದಲ್ಲಿ ಗದ್ದೆ ಏಡಿ ಸಾರು ಉಣ್ಣೋರಿಗೆ ಏಡಿ ಇಲ್ಲ ಅನ್ನೋದು ಸಣ್ಣ ದೂರಲ್ಲ. ಜೊತೆಗೆ ಗದ್ದೆ ಪಕ್ಕದಲ್ಲಿ ತೋಟದ ಕೆಲಸದೋರು ಇರೋ ಲೈನ್ ಮನೆಯ ಬಾವಿ ನೀರಲ್ಲಿ ಸೀಮೆಎಣ್ಣೆ ವಾಸನೆ ಬರ್ತಿದೆ ಅಂತ ಅಲ್ಲಿನ ಹೆಂಗಸರು ಹೇಳ್ತಿದ್ರಂತೆ, ಅದನ್ನ ಯಾರೂ ಬರೆದು ಕೊಟ್ಟಿರ್ಲಿಲ್ಲ ಅಷ್ಟೆ.

ಮೊದಲನೇ ಭೇಟಿ ಪೂರ್ತಿ ದಂಡ ಆಯ್ತು, ಅದನ್ನೂ ಹೇಳ್ಬೇಕು. ನಾನು, ಪಿಡಿಒ ಮೇಡಂ, ನೀರುಗಂಟಿ ಮೂರು ಜನ ಹೋದ್ವಿ. ಜೊತೆಲಿ ಬಂದಿದ್ದ ಇಲಾಖೆಯವರೊಬ್ರು ನೀರು ನೋಡಿದ ತಕ್ಷಣ "ಇದು ಆಯಿಲ್ ಅಲ್ಲ ಸಾರ್, ತುಕ್ಕು ನೀರು, ಗದ್ದೆಲಿ ಮಾಮೂಲಿ" ಅಂದ್ರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ನೀರು ನಿಂತ ಗದ್ದೆ ಮಣ್ಣಲ್ಲಿ ಗಾಳಿ ಇಲ್ಲದೆ ಕಬ್ಬಿಣ ಕರಗುತ್ತೆ, ಅದು ಮೇಲೆ ಬಂದು ಗಾಳಿಗೆ ತಾಗಿದಾಗ ಕಬ್ಬಿಣದ ಬ್ಯಾಕ್ಟೀರಿಯಾಗಳು ಸೇರಿ ನೀರಿನ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತೆ, ದೂರದಿಂದ ನೋಡಿದ್ರೆ ಥೇಟ್ ಡೀಸೆಲ್ ಚೆಲ್ಲಿದ ಹಾಗೆ ನೀಲಿ ನೇರಳೆ ಮಿಂಚುತ್ತೆ. ನಮ್ಮ ಗದ್ದೆಗಳಲ್ಲಿ ಇದು ಇದ್ದೇ ಇರುತ್ತೆ. ನಾವೂ ತಲೆ ಆಡಿಸಿ ವಾಪಸ್ ಹೊರಡೋಕೆ ರೆಡಿ.

ಮಾವ ಮಾತಾಡ್ಲಿಲ್ಲ. ಬದು ಮೇಲಿಂದ ಒಂದು ಕಾಫಿ ರೆಕ್ಕೆ ಕಡ್ಡಿ ಮುರ್ಕೊಂಡು ಕೆಳಗಿನ ಮಡಿಗೆ ಕರ್ಕೊಂಡು ಹೋಗಿ ಅಲ್ಲಿದ್ದ ಪೊರೆಗೆ ಕಡ್ಡಿ ಆಡಿಸಿದ್ರು. ಅದು ಹಪ್ಪಳ ಮುರಿದ ಹಾಗೆ ಚೂರು ಚೂರಾಗಿ ಒಡೆದು ಅಲ್ಲಲ್ಲೇ ತೇಲಿತು, ಮತ್ತೆ ಕೂಡ್ಕೊಳ್ಳಲಿಲ್ಲ. "ಇದು ತುಕ್ಕು" ಅಂದ್ರು. ಆಮೇಲೆ ಮೇಲಿನ ಮಡಿಗೆ ಬಂದು ನೀರು ಒಳಗೆ ಬರೋ ಕಂಡಿ ಹತ್ರ ಅದೇ ಕಡ್ಡಿ ಆಡಿಸಿದ್ರು. ಬಣ್ಣ ಕಡ್ಡಿ ಸುತ್ತ ಸುತ್ತಿಕೊಂಡು ಬಳುಕಿ, ಕಡ್ಡಿ ತೆಗೆದ ತಕ್ಷಣ ಮತ್ತೆ ಒಂದಾಯ್ತು, ಕಡ್ಡಿ ತುದಿಲಿ ಜಿಡ್ಡು ಕೂತಿತ್ತು. "ಇದು ಗ್ಯಾರೇಜು" ಅಂದ್ರು. ಪೇಟೆ ಕಡೆ ಕೈ ತೋರಿಸಲೂ ಇಲ್ಲ. ಇಲಾಖೆಯವರಿಗೆ ಸ್ವಲ್ಪ ಮುಖ ಸಪ್ಪಗಾಯ್ತು, ಆದ್ರೆ ಒಳ್ಳೆ ಮನುಷ್ಯ, ತಾನೇ ಕಡ್ಡಿ ಇಸ್ಕೊಂಡು ಎರಡು ಸಲ ಮಾಡಿ ನೋಡಿದ್ರು. ಕಿಟ್ಟೂ ಬೇಡ ಲ್ಯಾಬೂ ಬೇಡ ಇದಕ್ಕೆ. ಅಂದಹಾಗೆ ಜಲಜೀವನ್ ಮಿಷನ್ನಿಂದ ಪಂಚಾಯ್ತಿಗಳಿಗೆ ಕೊಟ್ಟಿರೋ ನೀರು ಟೆಸ್ಟ್ ಕಿಟ್ ನಮ್ಮ ಹತ್ರನೂ ಇತ್ತು, ಅದ್ರಲ್ಲಿ ಪಿಎಚ್, ಗಡಸುತನ, ಕ್ಲೋರೈಡು, ಫ್ಲೋರೈಡು, ನೈಟ್ರೇಟು, ಕಬ್ಬಿಣ ಇವೆಲ್ಲ ನೋಡ್ಬಹುದು, ಆಯಿಲ್ ನೋಡೋಕೆ ಮಾತ್ರ ಏನೂ ಇಲ್ಲ.

ಅಲ್ಲಿಂದ ನೀರು ಬಂದ ದಾರಿ ಹಿಡ್ಕೊಂಡು ಮೇಲಕ್ಕೆ ಹತ್ತಿದ್ವಿ. ಗದ್ದೆ ಕಂಡಿ, ಅದರ ಮೇಲೆ ಕೆಸುವಿನ ಗಿಡ ಬೆಳೆದ ಸಣ್ಣ ಕಣಿ, ಅದರ ಮೇಲೆ ರಸ್ತೆ ಮೋರಿ. ಮೋರಿಯ ಎಡಗಡೆ ಬಾಯಿಂದ ಬರ್ತಿದ್ದ ನೀರು ಶುದ್ಧ ಕೆಮ್ಮಣ್ಣು ನೀರು. ಬಲಗಡೆದು ಬೇರೆ, ಅಲ್ಲಿನ ಹುಲ್ಲಿನ ಬುಡವೆಲ್ಲ ಟಾರ್ ಬಳಿದಂಗೆ. ಬಲಗಡೆ ಚರಂಡಿ ಹಿಡಿದ್ರೆ ಮೂರು ಗ್ಯಾರೇಜ್ ಹಿತ್ತಲು ಸಿಗುತ್ತೆ. ಎರಡರ ಹಿತ್ತಲಲ್ಲಿ ಅಲ್ಪ ಸ್ವಲ್ಪ ಜಿಡ್ಡು. ಮೂರನೇದರ ಹಿತ್ತಲಲ್ಲಿ ಶೀಟಿನ ಅಂಚಿನ ಕೆಳಗೆ ಎರಡು ಬ್ಯಾರಲ್, ಒಂದು ಖಾಲಿ, ಇನ್ನೊಂದು ಬಾಯಿವರೆಗೂ ತುಂಬಿ ನಿಂತಿದೆ, ಮೇಲ್ಭಾಗ ಕತ್ತರಿಸಿ ತೆಗೆದ 200 ಲೀಟರಿನ ಬ್ಯಾರಲ್, ಹೊರಮೈ ಪೂರ್ತಿ ಕಪ್ಪು ಇಳಿದಿದೆ, ಬುಡದ ಮಣ್ಣು ಒಲೆ ಮಸಿ ಬಣ್ಣ.

ಗ್ಯಾರೇಜ್ ಅಣ್ಣ ಒಳ್ಳೆ ಮೆಕ್ಯಾನಿಕ್ಕು, ಹಳೇ ಜೀಪುಗಳ ಡಾಕ್ಟರು ಅಂತಲೇ ಹೆಸರು, ನನ್ನ ಜೀಪಿನ ಗೇರ್‌ಬಾಕ್ಸ್ ಅವನೇ ಎರಡು ಸಲ ಇಳಿಸಿದಾನೆ. ನಮ್ಮನ್ನ ನೋಡಿದ್ದೇ ಅವನ ಮೊದಲನೇ ಮಾತು, "ನಾನು ಒಂದು ತೊಟ್ಟೂ ಸುರಿದಿಲ್ಲ ಸಾರ್, ಬೇಕಾದ್ರೆ ಕಾವೇರಮ್ಮನ ಮೇಲೆ ಆಣೆ ಇಡ್ತೀನಿ, ಎಲ್ಲ ಬ್ಯಾರಲ್‌ಗೇ ಹಾಕೋದು." ಪಿಡಿಒ ಮೇಡಂ ನಂಬ್ಲಿಲ್ಲ, ನಾನೂ ನಂಬ್ಲಿಲ್ಲ. ಆದ್ರೆ ಅವನು ಹೇಳಿದ್ದು ನಿಜ ಆಗಿತ್ತು, ಈ ಪ್ರಕರಣದಲ್ಲಿ ನನಗೆ ಬಹಳ ದಿನ ತಲೇಲಿ ಉಳಿದಿದ್ದು ಇದೇ.

ಹೇಗೆ ಗೊತ್ತಾಯ್ತು ಅಂದ್ರೆ, ಬ್ಯಾರಲ್ ತುಂಬಿದೆ ಒಂದಷ್ಟು ಖಾಲಿ ಮಾಡೋಣ ಅಂತ ಅವನ ಹುಡುಗ ಒಂದು ಪೈಪ್ ತಂದು ತಳದವರೆಗೂ ಬಿಟ್ಟು ಇನ್ನೊಂದು ತುದಿ ಕೆಳಗಿದ್ದ ಬಕೆಟ್‌ಗೆ ಹಾಕಿದ. ಮೊದಲು ಒಂದು ಲೋಟದಷ್ಟು ಕಪ್ಪು ಬಂತು, ಆಮೇಲೆ ಬಂದಿದ್ದೆಲ್ಲ ಹಾಲು ಹಾಕದ ಚಹಾ ಬಣ್ಣದ ನೀರು. ಒಂದು ಬಕೆಟ್, ಎರಡು, ಐದು, ಆರು ಬಕೆಟ್ ನೀರೇ. ಕೊನೆಗೆ ಆಯಿಲ್ ಸಿಕ್ಕಿದ್ದು ಒಂದು ಗೇಣು. ಆಗ ಎಲ್ಲರಿಗೂ ಒಟ್ಟಿಗೇ ಹೊಳೀತು. ಆಯಿಲ್ ನೀರಿಗಿಂತ ಹಗುರ, ಮಳೆ ನೀರು ಬ್ಯಾರಲ್ ಒಳಗೆ ಬಿದ್ದ ತಕ್ಷಣ ತಳಕ್ಕೆ ಇಳಿಯುತ್ತೆ, ಆಯಿಲ್ ಮೇಲಕ್ಕೆ ಏಳುತ್ತೆ, ಬ್ಯಾರಲ್ ತುಂಬಿದ ಮೇಲೆ ಬೀಳೋ ಒಂದೊಂದು ಲೀಟರ್ ನೀರೂ ಒಂದೊಂದು ಲೀಟರ್ ಆಯಿಲನ್ನ ಅಂಚಿಂದ ಹೊರಗೆ ನೂಕುತ್ತೆ. ಯಾರೂ ಸುರಿಯೋದು ಬೇಡ.

ನಮ್ಮ ಕಡೆ ತೋಟದೋರ ಮನೇಲಿ ಮಳೆ ಪುಸ್ತಕ ಇರುತ್ತಲ್ಲ, ಇಂಚು ಸೆಂಟ್ ಲೆಕ್ಕದಲ್ಲಿ ಬರೀತೀವಿ, ನೂರು ಸೆಂಟ್ ಅಂದ್ರೆ ಒಂದು ಇಂಚು. ಆ ರಾತ್ರಿ ಕೂತು ನೋಡಿದೆ, ಅದೇ ವಾರ ಒಂದು ದಿನ 4 ಇಂಚು ದಾಟಿತ್ತು. ಬ್ಯಾರಲ್ ಬಾಯಿ ಅಗಲ ಸುಮಾರು 57 ಸೆಂಟಿಮೀಟರ್, ಅಂದ್ರೆ 4 ಇಂಚು ಮಳೆಗೆ ನೇರ ಆಕಾಶದಿಂದ ಬೀಳೋ ನೀರೇ ಸುಮಾರು 26 ಲೀಟರ್ ಆಗುತ್ತೆ, ಇದರ ಮೇಲೆ ಶೀಟಿನ ಅಂಚಿಂದ ಧಾರೆಯಾಗಿ ಇಳಿಯೋದು ಸೇರಿದ್ರೆ ಲೆಕ್ಕನೇ ಬೇಡ, ಒಂದು ಜೋರು ಮಳೆಗೆ ಬ್ಯಾರಲಿನ ಹೊಟ್ಟೇಲಿದ್ದ ಆಯಿಲೆಲ್ಲ ಗದ್ದೆ ಪಾಲು.

ಆದ್ರೆ ಬೇಸಿಗೆಲಿ ಇಲ್ಲದ ತುಂಬಿದ ಬ್ಯಾರಲ್ ಮಳೆಗಾಲದಲ್ಲಿ ಯಾಕೆ? ಇದಕ್ಕೆ ಉತ್ತರ ಗ್ಯಾರೇಜ್ ಅಣ್ಣನೇ ಕೊಟ್ಟ. ಬೇಸಿಗೆಲಿ ಅವನ ವೇಸ್ಟ್ ಆಯಿಲ್ ಪೂರ್ತಿ ಸೆಂಟ್ರಿಂಗ್‌ನೋರು ತಗೊಂಡು ಹೋಗ್ತಾರೆ, ಕಾಂಕ್ರೀಟ್ ಹಾಕೋ ಮುಂಚೆ ಹಲಗೆ ಶೀಟಿಗೆ ಬಳಿಯೋಕೆ. ಜೂನ್ ಬಂತು ಅಂದ್ರೆ ಕೊಡಗಲ್ಲಿ ಮನೆ ಕೆಲಸ ಬಂದ್, ಸೆಂಟ್ರಿಂಗ್ ಬಂದ್, ಆಯಿಲ್ ಕೇಳೋರಿಲ್ಲ. ಗಾಡಿಗಳ ಆಯಿಲ್ ಚೇಂಜ್ ಮಾತ್ರ ನಿಲ್ಲಲ್ಲ. ಹಾಗಾಗಿ ಯಾವ ತಿಂಗಳು ಬ್ಯಾರಲ್ ಖಾಲಿ ಆಗ್ಬೇಕೋ ಅದೇ ತಿಂಗಳು ಅದು ತುಂಬ್ಕೊಂಡು ಮಳೆಗೆ ಬಾಯಿ ತೆರ್ಕೊಂಡು ನಿಂತಿರುತ್ತೆ. ಉಳಿದ ಸ್ವಲ್ಪ ಮರ ಕುಯ್ಯೋರು ಮೆಷಿನ್ ಗರಗಸದ ಚೈನಿಗೆ ಅಂತ ಒಯ್ತಾರೆ, ಇನ್ನು ಸ್ವಲ್ಪ ನಮ್ಮಂಥೋರು ಬೇಲಿ ಕಂಬದ ಬುಡಕ್ಕೆ ಗೆದ್ದಲು ಹಿಡೀದ ಹಾಗೆ ಬಳಿಯೋಕೆ. ಹೌದು, ನಾನೂ ಬಳಿದಿದೀನಿ, ಅದೂ ಇದೇ ಗ್ಯಾರೇಜಿನದ್ದು, ಕ್ಯಾನಿಗೆ ಇಷ್ಟು ಅಂತ ದುಡ್ಡು ಕೊಟ್ಟು. ನೋಟಿಸ್ ಕೊಡೋಕೆ ಹೋದವನ ಬೇಲಿ ಕಂಬಾನೂ ಕಪ್ಪೇ.

ಎಷ್ಟು ಹೋಗಿರಬಹುದು ಅಂತ ಪಿಡಿಒ ಮೇಡಂ ಲೆಕ್ಕ ತೆಗೆದ ರೀತಿ ನನಗೆ ತುಂಬ ಇಷ್ಟ ಆಯ್ತು. ಬ್ಯಾರಲ್ ನೋಡ್ಲೇ ಇಲ್ಲ ಅವರು, "ಹೊಸ ಆಯಿಲ್ ತಂದ ಬಿಲ್ ಕೊಡಿ" ಅಂದ್ರು. ಜೂನ್ ಜುಲೈ ಎರಡು ತಿಂಗಳಿಗೆ 310 ಲೀಟರ್ ಹೊಸ ಆಯಿಲ್ ಬಂದಿತ್ತು. ಎಂಜಿನ್‌ಲೇ ಉರಿದು ಸೋರಿ ಹೋಗೋದು ಕಾಲು ಭಾಗ ಬಿಟ್ರೂ ಹಳೇದು 230 ಲೀಟರ್ ಇಳಿದಿರ್ಬೇಕು. ಮರದೋರಿಗೆ ಕೊಟ್ಟಿದ್ದು ಸುಮಾರು 40, ಬ್ಯಾರಲ್‌ಲಿ ಸಿಕ್ಕಿದ್ದು 55. ಮಿಕ್ಕ 130ಕ್ಕೂ ಜಾಸ್ತಿ ಲೀಟರ್ ಎಲ್ಲಿ? ಗ್ಯಾರೇಜ್ ಅಣ್ಣ ತಾನೇ ಕ್ಯಾಲ್ಕುಲೇಟರ್ ಒತ್ತಿ ನೋಡಿ ಸುಮ್ಮನೆ ಕೂತ. ಅಲ್ಲಿವರೆಗೂ ಅವನಿಗೂ ಅದು ಗೊತ್ತಿರ್ಲಿಲ್ಲ ಅನ್ನೋದು ಅವನ ಮುಖದಲ್ಲೇ ಕಾಣ್ತಿತ್ತು.

ಇನ್ನು ಕಾನೂನು. ಇಲ್ಲಿ ನಾವು ಮೆಂಬರುಗಳಿಗೆ ಗೊತ್ತಿದ್ದಿದ್ದು ಸೊನ್ನೆ, ಎಲ್ಲ ಆಮೇಲೆ ಕಲಿತಿದ್ದು. ಇದು ನಡೆಯೋದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ. ಅದರ ಒಂದನೇ ಶೆಡ್ಯೂಲ್‌ಲಿ 5.1 ಅಂತ ಒಂದು ಸಾಲಿದೆ, ಬಳಸಿದ ಆಯಿಲ್. ನಾವು ಎಲ್ಲಕ್ಕೂ ವೇಸ್ಟ್ ಆಯಿಲ್ ಅಂತೀವಿ, ನಿಯಮದಲ್ಲಿ ಯೂಸ್ಡ್ ಆಯಿಲ್ ಬೇರೆ ವೇಸ್ಟ್ ಆಯಿಲ್ ಬೇರೆ. ಎಂಜಿನ್, ಗೇರ್‌ಬಾಕ್ಸಿಂದ ಇಳಿಸಿದ್ದು, ಸೀಸ ಮತ್ತಿತರ ಲೋಹ ಮಿತಿಯೊಳಗಿದ್ದು ಮತ್ತೆ ಶುದ್ಧ ಮಾಡಿ ಬಳಸೋಕೆ ಬರೋದು ಯೂಸ್ಡ್ ಆಯಿಲ್. ಚೆಲ್ಲಿದ ಕಚ್ಚಾ ತೈಲ, ನೀರು ಬೆರೆತ ಎಣ್ಣೆ, ಟ್ಯಾಂಕ್ ತಳದ ಕೆಸರು ಇಂಥದ್ದು ವೇಸ್ಟ್ ಆಯಿಲ್. ಅಂದ್ರೆ ಮುಚ್ಚಳ ಇಲ್ಲದ ಬ್ಯಾರಲ್ ಮಾಡೋ ಕೆಲಸ ಏನು ಅಂದ್ರೆ ಮಾರೋಕೆ ಬರೋ ಮಾಲನ್ನ ಕಸ ಮಾಡೋದು.

ಇದಕ್ಕೆ ಅನುಮತಿ ಕೊಡೋದು, ಸ್ಯಾಂಪಲ್ ತೆಗೆಯೋದು, ಕೇಸ್ ಹಾಕೋದು ಎಲ್ಲ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೈಲಿ. 2016ರ ವರ್ಗೀಕರಣದಲ್ಲಿ ಗಾಡಿ ಸರ್ವಿಸು, ರಿಪೇರಿ, ಪೇಂಟಿಂಗ್ ಇವೆಲ್ಲ ಆರೆಂಜ್ ಕೆಟಗರಿ, ಅಂದ್ರೆ ಮಧ್ಯಮ ಮಾಲಿನ್ಯದ ಗುಂಪು, ಮಂಡಳಿಯ ಒಪ್ಪಿಗೆ ಬೇಕು, ಜೊತೆಗೆ ಫಾರ್ಮ್ 1 ಹಾಕಿ ಅಪಾಯಕಾರಿ ತ್ಯಾಜ್ಯಕ್ಕೆ ಅಧಿಕಾರ ಪತ್ರನೂ ತಗೋಬೇಕು. ಇಟ್ಕೊಳ್ಳೋದು 90 ದಿನ ಮಾತ್ರ, ವರ್ಷಕ್ಕೆ 10 ಟನ್ ಒಳಗಿನ ಸಣ್ಣೋರಿಗೆ ಮಂಡಳಿ ಮನಸ್ಸು ಮಾಡಿದ್ರೆ 180 ದಿನದವರೆಗೆ ವಿಸ್ತರಿಸಬಹುದು. ಮೂರು ಗ್ಯಾರೇಜಲ್ಲಿ ಒಂದಕ್ಕೂ ಒಂದು ಕಾಗದನೂ ಇರ್ಲಿಲ್ಲ. ಹಾಗಾದ್ರೆ ಪಂಚಾಯ್ತಿ ಕೈಲಿ ಏನಿದೆ? ವ್ಯಾಪಾರ ಲೈಸೆನ್ಸ್ ಇದೆ, ಚರಂಡಿ ಇದೆ, ಜನರಿಗೆ ತೊಂದರೆ ಅಂತ ನೋಟಿಸ್ ಕೊಡೋ ಅಧಿಕಾರ ಇದೆ. ಅಷ್ಟೇ. ಆದ್ರೆ ಆ ಲೈಸೆನ್ಸ್ ನಾವೇ ವರ್ಷಾ ವರ್ಷ ಕಣ್ಮುಚ್ಚಿ ರಿನ್ಯೂ ಮಾಡ್ತಿದ್ವಿ, ಫೀಸ್ ಕಟ್ಟಿದ್ರಾ ಇಲ್ವಾ ಅಂತ ನೋಡೋದು ಬಿಟ್ರೆ ಹಿತ್ತಲಿಗೆ ಹೋದವರು ಯಾರೂ ಇಲ್ಲ.

ಸ್ಯಾಂಪಲ್ ಕಥೆ ಬೇರೆ. ನಮ್ಮ ಒಬ್ಬ ಮೆಂಬರ್ ಉತ್ಸಾಹದಲ್ಲಿ ಖಾಲಿ ಬಿಸ್ಲೇರಿ ಬಾಟ್ಲಿಲಿ ನೀರು ಹಿಡಿದು ಇಟ್ಟಿದ್ದ. ಮಂಡಳಿಯವರು ನೋಡಿ ನಕ್ಕರು. ಆಯಿಲ್ ಟೆಸ್ಟಿಗೆ ಗಾಜಿನ ಬಾಟ್ಲೇ ಬೇಕು, ಪ್ಲಾಸ್ಟಿಕ್ ಗೋಡೆಗೆ ಆಯಿಲ್ ಅಂಟ್ಕೊಂಡುಬಿಡುತ್ತೆ, ಹಿಡಿದ ತಕ್ಷಣ ಆಸಿಡ್ ಹಾಕಿ ತಣ್ಣಗೆ ಇಡ್ಬೇಕು. ಅದೂ ಅಲ್ದೆ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಯವರೇ ಜಾಗದ ಯಜಮಾನನಿಗೆ ತಿಳಿಸಿ, ಅವನೆದುರಿಗೆ ತೆಗೆದು, ಎರಡು ಭಾಗ ಮಾಡಿ ಸೀಲ್ ಹಾಕಿದ್ರೆ ಮಾತ್ರ ಕೋರ್ಟಿಗೆ ಲೆಕ್ಕ. ಅವರು ಸರಿಯಾಗೇ ತೆಗೆದ್ರು, ಆದ್ರೆ ಬಂದಿದ್ದು ನಮ್ಮ ಪತ್ರ ಹೋಗಿ 12 ದಿನ ಆದ್ಮೇಲೆ, ಹಿಂದಿನ ರಾತ್ರಿ ಮೂರು ಇಂಚು ಮಳೆ ಹೊಡೆದ ಬೆಳಿಗ್ಗೆ, ತೋಡು ಕೆಂಪಗೆ ಉಕ್ಕಿ ಹರೀತಿತ್ತು. ಹೊಳೆ ತೋಡಿಗೆ ಬಿಡೋ ಕೊಳಚೆ ನೀರಲ್ಲಿ ಆಯಿಲ್ ಅಂಡ್ ಗ್ರೀಸ್ ಮಿತಿ ಲೀಟರಿಗೆ 10 ಮಿಲಿಗ್ರಾಂ, ರಿಪೋರ್ಟ್ ಅದಕ್ಕಿಂತ ಕಮ್ಮಿ ಬಂತು. ಅಂದ್ರೆ ಕಾಗದದ ಪ್ರಕಾರ ಎಲ್ಲ ಸರಿ. ನಮ್ಮ ಮಳೆಗಾಲದಲ್ಲಿ ಏನು ಸುರಿದ್ರೂ ಪಾಸಾಗುತ್ತೆ ಅಂತ ನನಗನ್ಸಿದ್ದು ಆವತ್ತೇ, ಮಿತಿ ಲೆಕ್ಕ ಹಾಕೋದು ಒಂದು ಲೀಟರ್ ನೀರಿಗೆ, ಒಟ್ಟು ಎಷ್ಟು ಹೋಯ್ತು ಅಂತ ಯಾರೂ ಕೇಳಲ್ಲ. ಗ್ಯಾರೇಜ್ ಅಣ್ಣನ ಭಾಮೈದ ಆ ರಿಪೋರ್ಟ್ ಜೆರಾಕ್ಸ್ ಮಾಡಿಸಿ ಹೋಟೆಲಲ್ಲಿ ಹಂಚಿದ.

ಆದ್ರೆ ನೀರಿನ ನಿಯಮ ಸೋತ ಕಡೆ ತ್ಯಾಜ್ಯದ ನಿಯಮ ನಿಂತ್ಕೊಂಡ್ತು. ಅದಕ್ಕೆ ತೋಡಿನ ನೀರು ಬೇಕಿಲ್ಲ. ಅಧಿಕಾರ ಪತ್ರ ಇಲ್ಲ, ರಿಜಿಸ್ಟರ್ ಇಲ್ಲ, ಲೇಬಲ್ ಇಲ್ಲ, ಬ್ಯಾರಲ್ ಮಳೇಲಿ ಇದೆ, ಅಷ್ಟು ಸಾಕು. ಲೈನ್ ಮನೆ ಬಾವಿದು ಅದಕ್ಕಿಂತ ಸೂಕ್ಷ್ಮ, ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ ಖನಿಜ ತೈಲಕ್ಕೆ ಮಿತಿ ಲೀಟರಿಗೆ ಅರ್ಧ ಮಿಲಿಗ್ರಾಂ ಮಾತ್ರ, ನಾವು ರಿಪೋರ್ಟಿಗೆ ಕಾಯದೆ ಮಾರನೇ ದಿನವೇ ಆ ಬಾವಿ ಬಳಸಬೇಡಿ ಅಂತ ಹೇಳಿ ಪೈಪ್ ಎಳೆದು ನಲ್ಲಿ ಕೊಟ್ವಿ. ಇಡೀ ಪ್ರಕರಣದಲ್ಲಿ ನಾವು ಲೇಟ್ ಮಾಡದ ಕೆಲಸ ಇದೊಂದೇ.

ಪಂಚಾಯ್ತಿ ಹಾಲಲ್ಲಿ ಮೀಟಿಂಗ್ ಕರೆದ್ವಿ. ಗಲಾಟೆ ಆಗುತ್ತೆ ಅಂತ ಗೊತ್ತಿತ್ತು, ಆಯ್ತು. ಒಬ್ರು ಜೈಲಿಗೆ ಹಾಕ್ಸಿ ಅಂದ್ರು, ಅದಕ್ಕೆ ಮಂಡಳಿಯಿಂದ ಬಂದಿದ್ದ ಇಂಜಿನಿಯರ್ರು 2024ರ ಏಪ್ರಿಲ್ 1ರಿಂದ ಪರಿಸರ ಕಾಯ್ದೆ ಉಲ್ಲಂಘನೆಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷದವರೆಗೆ ದಂಡ ಅಂತ ಬದಲಾಗಿದೆ ಅಂತ ವಿವರಿಸಿದ್ರು. 15 ಲಕ್ಷ ಅಂದ ತಕ್ಷಣ ಹಾಲ್ ತಣ್ಣಗಾಯ್ತು. ಆಗ ಗ್ಯಾರೇಜ್ ಅಣ್ಣ ಎದ್ದು ನಿಂತು ಹೇಳಿದ, "ಸಾರ್, ಚರಂಡಿಗೆ ಬಿಡ್ಬೇಡ ಅಂತೀರಿ, ಬಿಡಲ್ಲ. ಸೆಂಟ್ರಿಂಗ್‌ನೋರಿಗೆ ಕೊಡ್ಬೇಡ ಅಂತೀರಿ, ಕೊಡಲ್ಲ. ಮೂರು ತಿಂಗಳ ಮೇಲೆ ಇಟ್ಕೋಬೇಡ ಅಂತೀರಿ. ಕುಡಿಯೋದಾ ನಾನು ಅದನ್ನ?" ಎಲ್ಲ ನಕ್ರು, ಆದ್ರೆ ಉತ್ತರ ಯಾರ ಹತ್ರನೂ ಇರ್ಲಿಲ್ಲ.

ನಾವು ಆವತ್ತು ಮಾಡಿದ ತಪ್ಪು ಇದೇ, ಉತ್ತರ ಇಲ್ಲದೆ ನೋಟಿಸ್ ಕೊಟ್ವಿ. ಏಳು ದಿನದೊಳಗೆ ಬ್ಯಾರಲ್ ತೆರವು ಮಾಡಿ ಅಂತ. ಅವನು ಐದೇ ದಿನಕ್ಕೆ ಮಾಡಿದ. ಎಲ್ಲಿಗೆ ಹೋಯ್ತು ಅಂತ ವಿಚಾರಿಸಿದ್ರೆ ಪಕ್ಕದ ಪಂಚಾಯ್ತಿಯ ಯಾರೋ ಪಿಕಪ್‌ಲಿ ಬಂದು ಫ್ರೀಯಾಗಿ ಒಯ್ದಿದ್ರು. ಅಲ್ಲಿ ಅದು ಏನಾಯ್ತೋ ಕೇಳೋ ಧೈರ್ಯ ನಮಗೆ ಬರ್ಲಿಲ್ಲ. ನಮ್ಮ ಫೈಲಲ್ಲಿ ಮಾತ್ರ "ತೆರವುಗೊಳಿಸಲಾಗಿದೆ" ಅಂತ ಬರೆದು ಸಹಿ ಆಯ್ತು.

ಇದನ್ನ ತಿರುಗಿಸಿದ್ದು ಪಿಡಿಒ ಮೇಡಂ. ಅವರು ಮಂಡಳಿಗೆ ಫೋನ್ ಮಾಡಿ ಅಧಿಕೃತ ರೀಸೈಕ್ಲರ್ ಯಾರು ಅಂತ ಪಟ್ಟಿ ತರಿಸಿ ಒಬ್ಬೊಬ್ಬರಿಗೂ ತಾವೇ ಮಾತಾಡಿದ್ರು. ದುಡ್ಡು ಕೊಟ್ಟೇ ತಗೊಳ್ತೀವಿ ಅಂದ್ರು ಅವರು, ಯಾಕಂದ್ರೆ 2024ರ ಏಪ್ರಿಲಿಂದ ಆಯಿಲ್ ಕಂಪನಿಗಳ ಮೇಲೇ ಬಳಸಿದ ಆಯಿಲ್ ವಾಪಸ್ ರೀಸೈಕಲ್ ಮಾಡಿಸೋ ಜವಾಬ್ದಾರಿ ಬಂದಿದೆ, ಅದಕ್ಕೆ ಸರ್ಟಿಫಿಕೇಟು, ಲೆಕ್ಕ ಎಲ್ಲ ಇದೆ. ಆದ್ರೆ ಒಂದು ಬ್ಯಾರಲಿಗೆ ಮೈಸೂರು ಕಡೆಯಿಂದ ಘಾಟಿ ದಾರಿ ಥರದ ರೋಡಲ್ಲಿ ಗಾಡಿ ಕಳ್ಸಲ್ಲ, ಕನಿಷ್ಠ ಎರಡೂವರೆ ಮೂರು ಬ್ಯಾರಲ್ ಆಗ್ಬೇಕು ಅಂದ್ರು. ಅಲ್ಲಿಗೆ ವಿಷಯ ನಿಚ್ಚಳ ಆಯ್ತು. ಗ್ಯಾರೇಜ್ ಅಣ್ಣನಿಗೆ ತಿಳುವಳಿಕೆ ಕಮ್ಮಿ ಇತ್ತು ಅಂತಲ್ಲ, ಅವನ ಹತ್ರ ಮಾಲು ಕಮ್ಮಿ ಇತ್ತು.

ಸರಿ, ಎಲ್ಲರದ್ದೂ ಒಟ್ಟು ಮಾಡೋಣ, ಕಸ ಬೇರೆ ಮಾಡೋ ನಮ್ಮ ಸ್ವಚ್ಛ ಸಂಕೀರ್ಣ ಶೆಡ್ಡು ಇದೆಯಲ್ಲ, ಅಲ್ಲೊಂದು ದೊಡ್ಡ ಡ್ರಮ್ ಇಡೋಣ ಅಂತ ನಾನೇ ಐಡಿಯಾ ಕೊಟ್ಟೆ. ಮಂಡಳಿಯವರು ಬೇಡ ಅಂದ್ರು. ಬೇರೆಯವರ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸಿ ಇಟ್ಕೊಂಡ್ರೆ ಪಂಚಾಯ್ತಿಗೇ ಅಧಿಕಾರ ಪತ್ರ ಬೇಕು, ಅದಿಲ್ದೆ ಇಟ್ರೆ ಗ್ಯಾರೇಜ್ ಅಣ್ಣನ ಜಾಗದಲ್ಲಿ ನಾವು ನಿಲ್ತೀವಿ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದ್ರೆ ಆ ಶೆಡ್ಡಿನ ಶೀಟೂ ಸೋರುತ್ತೆ. ಕೊನೆಗೆ ಹಾಲಿನ ಗಾಡಿ ಲೆಕ್ಕದಲ್ಲಿ ಮಾಡಿದ್ವಿ, ಡ್ರಮ್ ಒಂದು ಕಡೆ ತರೋದು ಬೇಡ, ಒಂದು ದಿನ ಗೊತ್ತು ಮಾಡಿ ಗಾಡಿನೇ ಮನೆ ಮನೆಗೆ ಬರ್ಲಿ. ಮೂರು ಗ್ಯಾರೇಜು, ಟ್ರ್ಯಾಕ್ಟರ್ ಟಿಲ್ಲರ್ ರಿಪೇರಿ ಶೆಡ್ಡು, ಟಿಪ್ಪರ್ ಇಟ್ಟಿರೋ ಇಬ್ರು, ದೊಡ್ಡ ಜನರೇಟರ್ ಇರೋ ರೆಸಾರ್ಟು, ಸ್ವಂತ ವರ್ಕ್‌ಶಾಪ್ ಇರೋ ಒಂದು ಎಸ್ಟೇಟು. ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಮೊದಲು "ನಮ್ದೇನಿಲ್ಲ" ಅಂದ, ಆಮೇಲೆ ಗೋಡೌನ್ ಹಿಂದೆ ಒಂದೂವರೆ ಬ್ಯಾರಲ್ ಸಿಕ್ತು.

ಗಾಡಿ ಬಂದಿದ್ದು ಪುತ್ತರಿ ಹಬ್ಬ ಕಳೆದ ಮಾರನೇ ವಾರ. ಬಂದ ಹುಡುಗ ಒಂದು ಉದ್ದ ಕೋಲಿನ ತುದಿಗೆ ಒಂದು ಪೇಸ್ಟ್ ಹಚ್ಚಿ ಬ್ಯಾರಲ್‌ಗೆ ಇಳಿಸಿದ, ಪೆಟ್ರೋಲ್ ಬಂಕಲ್ಲಿ ಟ್ಯಾಂಕ್ ನೋಡೋಕೆ ಬಳಸ್ತಾರಲ್ಲ ಅಂಥದ್ದೇ, ನೀರು ತಾಗಿದ ಕಡೆ ಪೇಸ್ಟ್ ಬಣ್ಣ ಕೆಂಪಾಗುತ್ತೆ. ಒಂದು ಗ್ಯಾರೇಜಲ್ಲಿ ಕೋಲು ಮೇಲೆ ಬಂದಾಗ ಒಂದಡಿಗೂ ಜಾಸ್ತಿ ಕೆಂಪು. "ನೀರಿಗೆ ದುಡ್ಡು ಕೊಡಲ್ಲ ಅಣ್ಣ" ಅಂತ ಅಷ್ಟು ಕಳೆದ. ನಮ್ಮ ಪ್ರಕರಣದ ಗ್ಯಾರೇಜಲ್ಲಿ ಕೆಂಪು ಬರ್ಲೇ ಇಲ್ಲ, ಅಷ್ಟರಲ್ಲಿ ಅವನು ಬ್ಯಾರಲನ್ನ ಒಳಗೆ ಸಿಮೆಂಟ್ ಕಟ್ಟೆ ಮೇಲೆ ಇಟ್ಟು ಹಳೇ ಟಿಪ್ಪರ್ ವೀಲಿನ ತಗಡು ತಟ್ಟಿ ಮುಚ್ಚಳ ಮಾಡಿಸಿದ್ದ. ಮುಚ್ಚಳ ಹಾಕು ಅಂತ ನಾವು ಹತ್ತು ಸಲ ಹೇಳಿದ್ದಕ್ಕಿಂತ ಆ ಕೋಲಿನ ಒಂದಡಿ ಕೆಂಪು ಉಳಿದ ಇಬ್ಬರಿಗೆ ಚೆನ್ನಾಗಿ ಅರ್ಥ ಮಾಡ್ಸಿತು. ಒಟ್ಟು 610 ಲೀಟರ್ ಹೋಯ್ತು, ಫಾರ್ಮ್ 10 ಅಂತ ಏಳು ಪ್ರತಿಯ ಮ್ಯಾನಿಫೆಸ್ಟ್, ಅಂದ್ರೆ ಮಾಲು ಸಾಗಿಸಿದ ಲೆಕ್ಕದ ಚೀಟಿ, ಬರೀಬೇಕು, ಒಂದೊಂದು ಪ್ರತಿಗೂ ಒಂದೊಂದು ಬಣ್ಣ, ಮೊದಲನೇ ಸಲ ಅದನ್ನ ತುಂಬೋಕೇ ಮಧ್ಯಾಹ್ನ ಆಯ್ತು, ರೆಸಾರ್ಟಿನ ಮ್ಯಾನೇಜರ್ ಹುಡುಗಿ ಇಲ್ದೇ ಇದ್ರೆ ಆವತ್ತು ಮುಗೀತಿರ್ಲಿಲ್ಲ.

ಆಮೇಲೆ ಪಂಚಾಯ್ತಿ ಮಾಡಿದ್ದು ಲೈಸೆನ್ಸ್ ಕಡೆಯಿಂದ. ಠರಾವು ಪಾಸ್ ಮಾಡಿ ಗ್ಯಾರೇಜು, ಸರ್ವಿಸ್ ಸ್ಟೇಷನ್ನು, ಬ್ಯಾಟರಿ ಅಂಗಡಿಗಳ ಲೈಸೆನ್ಸ್ ರಿನ್ಯೂಯಲ್‌ಗೆ ಷರತ್ತು ಹಾಕಿದ್ವಿ. ಮಂಡಳಿಗೆ ಅರ್ಜಿ ಹಾಕಿದ ರಸೀದಿ ತರ್ಬೇಕು, ಬ್ಯಾರಲ್ ಮಾಡಿನ ಕೆಳಗೆ ಕಟ್ಟೆ ಒಳಗೆ ಮುಚ್ಚಳ ಸಮೇತ ಇರ್ಬೇಕು, ಹೊಸ ಆಯಿಲ್ ಬಿಲ್ಲು ಮತ್ತು ಹಳೇದು ಕೊಟ್ಟ ಮ್ಯಾನಿಫೆಸ್ಟ್ ಎರಡೂ ಜೊತೆಗಿಟ್ಟು ತೋರಿಸ್ಬೇಕು. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಒಂದು ಸಲ ಎಲ್ಲ ಖಾಲಿ ಆಗ್ಲೇಬೇಕು. ಈ ಮೇ ತಿಂಗಳಿನ ಷರತ್ತು ಯಾವ ನಿಯಮದಲ್ಲೂ ಇಲ್ಲ, ನಮ್ಮ ಮಳೆಗೆ ನಾವೇ ಸೇರಿಸಿದ್ದು, ಮಂಡಳಿಯ ಇಂಜಿನಿಯರ್ರು ಚೆನ್ನಾಗಿದೆ ಅಂದ್ರು. ಬ್ಯಾಟರಿ ಅಂಗಡಿಯೋನು ಕಷ್ಟ ಕೊಡ್ಲಿಲ್ಲ, 2022ರ ಬ್ಯಾಟರಿ ನಿಯಮ ಇರಲಿ ಬಿಡಲಿ, ಸೀಸಕ್ಕೆ ಬೆಲೆ ಇದೆ, ಹಳೇ ಬ್ಯಾಟರಿ ಅವನು ಬಿಡೋದೇ ಇಲ್ಲ, ಆಸಿಡ್ ಮಾತ್ರ ಬಚ್ಚಲಿಗೆ ಚೆಲ್ತಿದ್ದ, ಅದು ನಿಂತಿದೆ.

ಎಲ್ಲ ಸರಿ ಹೋಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಸೆಂಟ್ರಿಂಗ್‌ನೋನು ಈಗಲೂ ರೀಸೈಕ್ಲರ್‌ಗಿಂತ ಲೀಟರಿಗೆ ನಾಲ್ಕೈದು ರೂಪಾಯಿ ಜಾಸ್ತಿ ಕೊಡ್ತಾನೆ, ಫೆಬ್ರವರಿ ಮಾರ್ಚಲ್ಲಿ ಬಿಲ್ ಲೆಕ್ಕ ಮತ್ತೆ ಸ್ವಲ್ಪ ತಾಳೆ ಆಗಲ್ಲ, ಮೇಡಂ ಕೇಳಿದ್ರೆ "ಈ ಸಲ ಗಾಡಿಗಳೇ ಜಾಸ್ತಿ ಆಯಿಲ್ ಕುಡಿದ್ವು" ಅಂತಾರೆ. ಪೇಂಟಿಂಗ್ ಶೆಡ್ಡಿನ ಥಿನ್ನರ್ ಬಗ್ಗೆ ನಾವು ಇನ್ನೂ ಮುಟ್ಟೇ ಇಲ್ಲ. ಬೈಕಲ್ಲಿ ಟೂಲ್ಸ್ ಬ್ಯಾಗ್ ಹಾಕ್ಕೊಂಡು ತೋಟ ತೋಟಕ್ಕೆ ಹೋಗಿ ಜೀಪಿನ ಆಯಿಲ್ ಅಲ್ಲೇ ಇಳಿಸೋ ಮೆಕ್ಯಾನಿಕ್‌ಗಳಿಗೆ ಲೈಸೆನ್ಸೇ ಇಲ್ಲ, ಷರತ್ತು ಯಾವುದಕ್ಕೆ ಹಾಕೋದು? ನನ್ನ ಬೇಲಿ ಕಂಬಕ್ಕೆ ಈ ವರ್ಷ ಕಲ್ಲು ಕಂಬ ಹಾಕಿಸ್ದೆ, ದುಡ್ಡು ನೋಡಿ ಹೆಂಡ್ತಿ ಬೈದ್ಲು.

ಮಾವನ ಮೇಲಿನ ಮಡಿಲಿ ಮುಂದಿನ ಮಳೆಗಾಲ ಒಂದೆರಡು ಏಡಿ ಕಂಡ್ವಂತೆ, ಸಾರಿಗೆ ಸಾಲದು ಅಂದ್ರು.

ಇನ್ನೊಂದು ಉಳಿದಿದೆ, ಮಣ್ಣು. ಬ್ಯಾರಲ್ ಬುಡದ ಕಪ್ಪು ಮಣ್ಣು, ಕಣಿಲಿ ಹರಡಿ ಆಯಿಲ್ ಹೀರಿಸಿದ ಮರದ ಮಿಲ್ಲಿನ ಹೊಟ್ಟು, ಒರೆಸಿದ ಬಟ್ಟೆ, ಎಲ್ಲ ಸೇರಿ 38 ಮೂಟೆ ಆಯ್ತು. ಹೀರಿಸಿದ್ದೆಲ್ಲ ಮತ್ತೆ ಅಪಾಯಕಾರಿ ತ್ಯಾಜ್ಯವೇ ಅಂತ ಆಮೇಲೆ ಗೊತ್ತಾಯ್ತು, ಅದು ರೀಸೈಕ್ಲರ್‌ಗೆ ಬೇಡ, ಹೋಗ್ಬೇಕಾಗಿದ್ದು ನೆಲಮಂಗಲದ ಆಚೆ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಹೂಳೋ ಜಾಗಕ್ಕೆ, ಅಧಿಕೃತ ಗಾಡಿಲೇ, ಟನ್ನಿಗೆ ಇಷ್ಟು ಅಂತ ದುಡ್ಡು ಕಟ್ಟಿ. ಗ್ಯಾರೇಜ್ ಅಣ್ಣ ಅರ್ಧ ಕೊಡ್ತೀನಿ ಅಂದ, ಇನ್ನರ್ಧ ಪಂಚಾಯ್ತಿಯ ಯಾವ ಹೆಡ್‌ನಿಂದ ತೆಗೆಯೋದು ಅಂತ ಆಡಿಟ್‌ನೋರು ಕೇಳಿದ ಪ್ರಶ್ನೆಗೆ ಉತ್ತರ ಹೋಗಿಲ್ಲ. ಮೂಟೆಗಳು ಅವನ ಶೆಡ್ಡಿನ ಮೂಲೇಲೇ ಇವೆ, ಕೆಳಗೆ ಮರದ ಹಲಗೆ, ಮೇಲೆ ನೀಲಿ ಟಾರ್ಪಾಲು. ಹೋದ ವಾರ ಜೀಪ್ ಬಿಡೋಕೆ ಹೋದಾಗ ನೋಡಿದೆ, ಟಾರ್ಪಾಲು ಒಂದು ಕಡೆ ಇಲಿ ಕಡಿದು ತೂತಾಗಿದೆ. ಅವನೇ ತೋರ್ಸಿ, "ಮೇ ಒಳಗೆ ಹೊಸದು ಹಾಕ್ತೀನಿ ಸಾರ್" ಅಂದ.